ರ‍್ಯಾಮಿನಲ್ಲಿದ್ದ ಅಪ್ಪನ ದನಿ

ಒಂದೇ ಕಡೆ ಕೂತಿರುವುದು ನನ್ನಿಂದ ಆಗುವುದಿಲ್ಲ. ಪಾಲಿಟೆಕ್ನಿಕ್ಕಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕಲಿಸುವಾಗಲೂ ಸಾಲಿನಿಂದ ಸಾಲಿಗೆ ನಡೆಯುತ್ತಲೇ ಇರುತ್ತೇನೆ. ಕಾಯುವುದಂತೂ ಕೇಳಲೇಬೇಡಿ. ಹಾಗಾಗಿ ಮನೆಯ ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಸತ್ತಾಗ ಹೊಸತು ಹಾಕಿಸುವ ಗೋಜಿಗೆ ಹೋಗಲಿಲ್ಲ. ಪೆನ್‌ಡ್ರೈವಿನಲ್ಲಿ ಯಂತ್ರ ನಡೆಸುವ ಒಂದು ಸಣ್ಣ ಲಿನಕ್ಸ್ ಸಿಸ್ಟಂ ಹಾಕಿಕೊಂಡೆ. ಯಂತ್ರ ಚಾಲೂ ಆಗುವಾಗ ಅದು ಇಡಿಯಾಗಿ ಯಂತ್ರದ ತಾತ್ಕಾಲಿಕ ನೆನಪಿಗೆ, ಅಂದರೆ ರ‍್ಯಾಮಿಗೆ ಬಂದು ಕೂರುತ್ತದೆ. ಆಮೇಲೆ ಪೆನ್‌ಡ್ರೈವ್ ಕಿತ್ತು ಪರ್ಸಿಗೆ ಹಾಕಿಕೊಂಡರೂ ಯಂತ್ರ ತನ್ನ ಪಾಡಿಗೆ ಓಡುತ್ತದೆ. ಡಿಸ್ಕಿನ ಗರಗರ ಇಲ್ಲ, ಒತ್ತಿದ ಕೂಡಲೇ ಎಲ್ಲ ತೆರೆಯುತ್ತದೆ. ಒಂದೇ ತೊಂದರೆ, ರ‍್ಯಾಮಿನಲ್ಲಿರುವುದು ಕರೆಂಟು ಇರುವಷ್ಟು ಹೊತ್ತು ಮಾತ್ರ. ಬೇಕಾದದ್ದನ್ನು ಬೇರೆ ಪೆನ್‌ಡ್ರೈವಿಗೆ ಹಾಕಿಕೊಳ್ಳದೆ ಯಂತ್ರ ಆರಿಸಿದರೆ ಎಲ್ಲ ಹೋಯಿತು. ಬ್ಯಾಟರಿ ಉಬ್ಬಿದ್ದರಿಂದ ಅದನ್ನೂ ತೆಗೆದಿಟ್ಟಿದ್ದೆ. ಗೋಡೆಯ ಪ್ಲಗ್ಗೇ ಅದರ ಜೀವ.

ಇದೆಲ್ಲ ನನಗೆ ಗೊತ್ತಿತ್ತು. ನನ್ನ ಗಂಡನಿಗೆ ಗೊತ್ತಿರಲಿಲ್ಲ. ಅವರಿಗೆ ಲ್ಯಾಪ್‌ಟಾಪ್ ಅಂದರೆ ಲ್ಯಾಪ್‌ಟಾಪ್. ನಾನೂ ಹೇಳಿರಲಿಲ್ಲ.

ಆ ವರ್ಷ ಅಪ್ಪ ಚಿಕಿತ್ಸೆಗೆಂದು ಮಣ್ಣಗುಡ್ಡದ ನಮ್ಮ ಮನೆಯಲ್ಲಿದ್ದರು. ಬಹಳ ವರ್ಷ ಬೋಟಿನಲ್ಲಿ ತಂಡೇಲರಾಗಿದ್ದವರು. ಬೋಟು ನಡೆಸುವುದು, ಬಲೆ ಯಾವಾಗ ಬಿಡುವುದು, ಯಾವಾಗ ಎಳೆಯುವುದು ಎಲ್ಲ ಅವರ ಮಾತಿನಂತೆ. ಇಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಗಂಟಲು ಅದು. ಅದೇ ಗಂಟಲಿನಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಕಂಕನಾಡಿಯ ಡಾಕ್ಟರು ಹೇಳಿದರು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, "ಮತ್ತೆ ಫೋನಿನಲ್ಲಿ ಮಾತಾಡುವುದು ಹೇಗೆ?"

ದನಿಯನ್ನು ಹಿಡಿದಿಡೋಣ ಎಂದದ್ದು ನನ್ನ ಗಂಡ. ಅವರಿಗೆ ಮೀನಿನ ವ್ಯಾಪಾರ. ಬೆಳಿಗ್ಗೆ ಬೇಗ ಹೋಗಿ ಮಧ್ಯಾಹ್ನಕ್ಕೆ ಬಂದುಬಿಡುತ್ತಾರೆ. ಊಟವಾದ ಮೇಲೆ ಮಾವನ ಹತ್ತಿರ ಕೂತು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಡಾಕ್ಟರು ಗಂಟಲಿಗೆ ವಿಶ್ರಾಂತಿ ಕೊಡಿ ಎಂದಿದ್ದರೂ ಅಪ್ಪ ದಿನವೂ ಸ್ವಲ್ಪ ಸ್ವಲ್ಪ ಮಾತಾಡಿದರು. ನೀರಿನ ಬಣ್ಣ ನೋಡಿ ಬಂಗುಡೆಯ ಗುಂಪು ಗುರುತಿಸುವುದು, ಗಾಳಿ ತಿರುಗಿದಾಗ ಬೋಟನ್ನು ಹೇಗೆ ಹಿಡಿಯಬೇಕು, ಅಮ್ಮನನ್ನು ಹೆಣ್ಣು ನೋಡಲು ಹೋದ ದಿನ ಅಂಗಿಗೆ ಮೀನಿನ ವಾಸನೆ ಇದ್ದದ್ದು. ನಾನು ಬಾಗಿಲಲ್ಲಿ ನಿಂತು ಎರಡು ಮಾತು ಕೇಳಿ ಅಡುಗೆಮನೆಗೋ ಅಂಗಳಕ್ಕೋ ಹೋಗಿಬಿಡುತ್ತಿದ್ದೆ. ಆಮೇಲೆ ಕೇಳಿದರಾಯಿತು, ಫೋನಿನಲ್ಲಿ ಉಂಟಲ್ಲ ಎಂದುಕೊಂಡು.

ಆಪರೇಷನ್ನಿನ ಹಿಂದಿನ ದಿನ ಬೆಳಿಗ್ಗೆ ಅಪ್ಪನನ್ನು ಆಸ್ಪತ್ರೆಗೆ ಸೇರಿಸಲು ನಾನೇ ಕರೆದುಕೊಂಡು ಹೋದೆ. ಹೊರಡುವ ಗಡಿಬಿಡಿಯಲ್ಲಿ ಲ್ಯಾಪ್‌ಟಾಪನ್ನು ಹಾಗೆಯೇ ಓಡಲು ಬಿಟ್ಟಿದ್ದೆ. ಸ್ವಲ್ಪ ಹೊತ್ತಿಗೆ, ಅವತ್ತು ವ್ಯಾಪಾರಕ್ಕೆ ಹೋಗದೆ ಉಳಿದಿದ್ದ ಗಂಡ ಗಂಜಿಯ ಫ್ಲಾಸ್ಕ್ ಹಿಡಿದು ವಾರ್ಡಿಗೆ ಬಂದರು. ಮುಖದಲ್ಲಿ ಒಂದು ಸಮಾಧಾನ.

"ಫೋನಿನಲ್ಲಿ ಜಾಗವೇ ಇರಲಿಲ್ಲ. ಇವತ್ತು ಇನ್ನೂ ಸ್ವಲ್ಪ ರೆಕಾರ್ಡ್ ಮಾಡುವ ಅಂತ ಹಳೆಯದನ್ನೆಲ್ಲ ನಿನ್ನ ಲ್ಯಾಪ್‌ಟಾಪಿಗೆ ಹಾಕಿದೆ" ಎಂದರು.

"ಫೋನಿನಲ್ಲಿ ಉಂಟಲ್ಲ ಇನ್ನೂ?"

"ಇಲ್ಲ, ಅಲ್ಲಿಂದ ತೆಗೆದೆ. ಎಂತ?"

"ಲ್ಯಾಪ್‌ಟಾಪ್ ಆಫ್ ಮಾಡಿದ್ರಾ?"

"ಇಲ್ಲ ಮಾರಾಯ್ತಿ, ಹಾಗೆಯೇ ಉಂಟು. ಲೈನಿನ ಕೆಲಸ ಉಂಟಂತೆ, ಇವತ್ತು ಕರೆಂಟು ತೆಗೀತಾರೆ ಅಂತ ಎದುರುಮನೆ ಬಾಯಮ್ಮ ಹೇಳಿದ್ರು. ಅದಕ್ಕೇ ಬೇಗ ಬೇಗ ಮಾಡಿ ಬಂದೆ."

ನಾನು ಸ್ಕೂಟರಿನ ಕೀ ಹುಡುಕಿದೆ. "ಎಂತ ಆಯ್ತು?" ಎಂದು ಮೆಟ್ಟಿಲವರೆಗೆ ಹಿಂದೆಯೇ ಬಂದರು. ನಡೆಯುತ್ತಲೇ ಹೇಳಿದೆ. ಅವರಿಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಮುಖ ಮಾತ್ರ ಬಿಳಿಚಿತು.

ಜ್ಯೋತಿ ಸರ್ಕಲ್ ದಾಟುವಾಗಲೇ ವಾಹನಗಳ ಸಾಲು. ಬಂಟ್ಸ್ ಹಾಸ್ಟೆಲಿನ ಹತ್ತಿರ ಬಸ್ಸೊಂದು ಅಡ್ಡ ನಿಂತಿತ್ತು. ಸ್ಕೂಟರನ್ನು ಬದಿಗೆ ನಿಲ್ಲಿಸಿ ಬಾಯಮ್ಮನಿಗೆ ಫೋನ್ ಮಾಡಿದೆ. ನರ್ಸ್ ಆಗಿ ಕುವೈತಿನಲ್ಲಿದ್ದು ಬಂದವರು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಹೆಂಗಸು.

"ಕರೆಂಟು ಉಂಟಾ?"

"ಉಂಟು. ಫ್ಯಾನ್ ತಿರುಗ್ತಾ ಉಂಟು."

ನಮ್ಮ ಮನೆಗೆ ಬೀಗ, ಒಂದು ಕೀ ನನ್ನಲ್ಲಿ, ಇನ್ನೊಂದು ಗಂಡನಲ್ಲಿ. ಬಾಯಮ್ಮನಿಂದ ಏನೂ ಮಾಡಿಸುವ ಹಾಗಿರಲಿಲ್ಲ. ದಾರಿಯುದ್ದಕ್ಕೂ ಅಂಗಡಿಗಳ ಒಳಗೆ ಇಣುಕಿದೆ, ಟ್ಯೂಬ್‌ಲೈಟ್ ಉರಿಯುತ್ತಿದೆಯೇ ಎಂದು. ಎಲ್ಲ ಕಡೆ ಉರಿಯುತ್ತಿತ್ತು. ಮನೆ ಹತ್ತಿರದ ಲಾಲ್‌ಬಾಗ್ ದಾಟಿದ ಮೇಲೂ ಉರಿಯುತ್ತಿತ್ತು. ನಮ್ಮ ಓಣಿಯ ಮೂಲೆಯ ಜ್ಯೂಸ್ ಅಂಗಡಿಯ ಮಿಕ್ಸಿಯ ಸದ್ದು ಕೇಳಿದಾಗ, ದೇವರೇ, ಸಿಕ್ಕಿತು ಎಂದುಕೊಂಡೆ.

ಬೀಗ ತೆಗೆದು ಚಪ್ಪಲಿ ಹಾಕಿಕೊಂಡೇ ಒಳಗೆ ಓಡಿದೆ. ಚಾರ್ಜರಿನ ಹಸಿರು ದೀಪ ಉರಿಯುತ್ತಿತ್ತು. ಪರದೆ ಕಪ್ಪಾಗಿತ್ತು. ಮಲಗಿರಬೇಕು ಎಂದು ಒಂದು ಕೀಲಿ ಒತ್ತಿದೆ. ಏನೂ ಇಲ್ಲ. ಪವರ್ ಬಟನ್ ಒತ್ತಿದೆ. ಓಡಿಸಲು ಯಾವ ಸಿಸ್ಟಂ ಕೂಡ ಇಲ್ಲ ಎಂಬ ಬಿಳಿ ಅಕ್ಷರದ ಸಾಲು ಬಂತು. ಪೆನ್‌ಡ್ರೈವ್ ನನ್ನ ಪರ್ಸಿನಲ್ಲಿತ್ತು.

ಹೊರಗೆ ಬಂದಾಗ ಬಾಯಮ್ಮ ಗೇಟಿನಲ್ಲಿ ನಿಂತಿದ್ದರು. "ನಿನ್ನ ಗಂಡ ಹೋದ ಮೇಲೆ ಕರೆಂಟು ಒಂದು ಸಲ ಹೋಗಿ ಬಂತು" ಎಂದರು. "ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು, ಅಷ್ಟೇ."

ವಾಪಸು ಬಂದು ಗಂಡನ ಫೋನನ್ನು ವಾರ್ಡಿನ ಹೊರಗೆ ತಿರುವಿ ತಿರುವಿ ನೋಡಿದೆ. ಅಳಿಸಿದ್ದು ಹೋಗಿ ಬೀಳುವ ಅದರ ಕಸದ ಬುಟ್ಟಿಯೂ ಖಾಲಿ. ಹಂಪನಕಟ್ಟೆಯ ಮೊಬೈಲ್ ರಿಪೇರಿಯವನೊಬ್ಬನಿಗೆ ಕರೆ ಮಾಡಿದರೆ, ಈಗಿನ ಫೋನುಗಳಲ್ಲಿ ಅಳಿಸಿದ್ದನ್ನು ಹಾಗೆಲ್ಲ ಮತ್ತೆ ತೆಗೆಯಲು ಬರುವುದಿಲ್ಲ ಎಂದ. "ಮಾವನಿಗೆ ನಾನೇ ಹೇಳ್ತೇನೆ" ಎಂದು ಗಂಡ ಒಳಗೆ ಹೋದರು.

ಅಪ್ಪ ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಲಿಲ್ಲ. ಅವರಿಗೆ ನಿಜವಾಗಿಯೂ ಸಿಟ್ಟು ಬಂತು. "ಇಷ್ಟು ನೋವಿನಲ್ಲಿ ಮಾತಾಡಿದ್ದು ಇದಕ್ಕಾ?" ಎಂದು ಒಡೆದ ದನಿಯಲ್ಲಿ ಕೇಳಿ ಗೋಡೆಯ ಕಡೆಗೆ ತಿರುಗಿ ಮಲಗಿದರು. ನನ್ನ ಗಂಡ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕಾಲಬುಡದಲ್ಲಿ ನಿಂತೇ ಇದ್ದರು. ಕಾರಿಡಾರಿನಲ್ಲಿ ನಾನು ಆ ತುದಿಯಿಂದ ಈ ತುದಿಗೆ ನಡೆದೆ. ಕೂರಿ ಎಂದು ಯಾರೋ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು. ಕೂತು, ಮತ್ತೆ ಎದ್ದೆ.

ಮಧ್ಯಾಹ್ನ ಅಪ್ಪ ನನ್ನನ್ನು ಕರೆದರು. "ಹೇಳಿದ್ದನ್ನು ಇನ್ನೊಮ್ಮೆ ಹೇಳುವುದಿಲ್ಲ. ನಿನಗೆ ಎಂತ ಬೇಕು, ಕೇಳು. ಆದರೆ ಕೂತು ಕೇಳು."

ಸ್ಟೂಲಿನ ಮೇಲೆ ಕೂತು ಫೋನ್ ಮುಂದೆ ಹಿಡಿದೆ. ಬಂಗುಡೆ, ಗಾಳಿ ಯಾವುದೂ ಬಾಯಿಗೆ ಬರಲಿಲ್ಲ. ಕೊನೆಗೆ, ನಾನು ಸಣ್ಣವಳಿದ್ದಾಗ ಬೋಟಿನಿಂದ ಬಂದ ಕೂಡಲೇ ನನ್ನನ್ನು ಎಂತ ಅಂತ ಕರೆಯುತ್ತಿದ್ದಿರಿ ಎಂದು ಕೇಳಿದೆ. ಅವರು ಹೇಳಿದರು. ಮನೆಯಲ್ಲಿ ಎಲ್ಲರೂ ಮರೆತಿದ್ದ ಒಂದು ತುಳು ಹೆಸರು. ಆ ಹೆಸರು ಯಾಕೆ ಬಂತು ಎಂದೂ ಹೇಳಿದರು, ನಗುತ್ತಾ, ಕೆಮ್ಮುತ್ತಾ. ನರ್ಸ್ ಬಂದು ಸಾಕು ಎನ್ನುವವರೆಗೆ ಮಾತಾಡಿದೆವು. ಹೊರಗೆ ಬಂದವಳೇ ಅದನ್ನು ಗಂಡನ ಫೋನಿಗೆ, ತಮ್ಮನಿಗೆ, ನನ್ನದೇ ಮೇಲಿಗೆ ಕಳಿಸಿದೆ. ಕೇಳಿದರೆ ಅರ್ಧ ಬರಿಯ ಗಲಾಟೆ: ಟ್ರಾಲಿಯ ಚಕ್ರ, ಪಕ್ಕದ ಹಾಸಿಗೆಯವರ ಮಾತು, ನನ್ನ ಸ್ಟೂಲಿನ ಕಿರಕಿರ.

ಆಪರೇಷನ್ ಸರಿಯಾಗಿ ಆಯಿತು. ಕೆಲವು ತಿಂಗಳ ಮೇಲೆ ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಸಣ್ಣ ಯಂತ್ರ ಬಂತು. ಜೀರುಂಡೆ ಮಾತಾಡಿದ ಹಾಗೆ ಒಂದೇ ಸ್ವರ. ಅಪ್ಪ ಅದನ್ನು ಕನ್ನಡಿಯ ಮುಂದೆ ಕೂತು ಅಭ್ಯಾಸ ಮಾಡಿದರು, ನಮ್ಮ ಎದುರಿಗೆ ಮಾತ್ರ ಬಾಯಿ ತೆರೆಯಲಿಲ್ಲ. ಅಷ್ಟು ದಿನವೂ ಅಳಿಯನಿಗೆ ಸನ್ನೆಯಲ್ಲೇ ಉತ್ತರ.

ಒಂದು ಮಧ್ಯಾಹ್ನ ಗಂಡ ಬಂದರಿನಿಂದ ಬಂದು ಕೈಕಾಲು ತೊಳೆಯುತ್ತಿದ್ದರು. ಅಪ್ಪ ಯಂತ್ರವನ್ನು ಗಂಟಲಿಗೆ ಹಿಡಿದು "ವಣಸ್ ಆಂಡಾ?" ಎಂದರು, ಊಟ ಆಯಿತಾ ಎಂದು. ಗಂಡ ಗಾಬರಿಯಲ್ಲಿ ನೀರು ಚೆಲ್ಲಿಕೊಂಡು, ಕಿವಿ ಕೇಳದವರಿಗೆ ಹೇಳುವ ಹಾಗೆ ಕಿರುಚಿದರು, "ಇಲ್ಲ ಮಾವ! ಈಗ ಮಾಡ್ತೇನೆ!"

"ಬೊಬ್ಬೆ ಹಾಕಬೇಡ" ಎಂದಿತು ಜೀರುಂಡೆ. "ಹೋದದ್ದು ನನ್ನ ದನಿ, ಕಿವಿಯಲ್ಲ."