ಗಿರಣಿ ಬಾಳವ್ವನ ಎರಡು ಕೈ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಗಿರಣಿ ಬಾಳವ್ವನನ್ನು ಅರಿಯದವರಿಲ್ಲ. ಮೂರು ವರ್ಷದವಳಿದ್ದಾಗ ಪೋಲಿಯೊ ಬಂದು ಎಡಗಾಲು ಸೊರಗಿಹೋಯಿತು. ಅಂದಿನಿಂದ ಬಲಗೈಯಲ್ಲಿ ಕೋಲು, ಎಡಗೈ ಎಡಮೊಣಕಾಲ ಮೇಲೆ. ಕೋಲು ಊರಬೇಕು, ಮೊಣಕಾಲು ಒತ್ತಬೇಕು, ಆಗ ಒಂದು ಹೆಜ್ಜೆ. ಈ ನಡಿಗೆಯಲ್ಲೇ ಐವತ್ತೆಂಟು ವರ್ಷ ತಲುಪಿದ್ದಳು, ಒಬ್ಬಳೇ ಹಿಟ್ಟಿನ ಗಿರಣಿ ನಡೆಸಿದ್ದಳು, ಜೋಳ ಹಸನು ಮಾಡದೆ ತಂದವರನ್ನು ಮುಲಾಜಿಲ್ಲದೆ ಬೈದು ವಾಪಸು ಕಳಿಸಿದ್ದಳು. ಒಮ್ಮೆ ಯಾರೋ ಪುಣ್ಯಾತ್ಮರು ಗಾಲಿಕುರ್ಚಿ ದಾನ ಕೊಡಲು ಬಂದರು. "ನನಗ್ಯಾಕ್ರಿ ಇದು? ನಾ ಏನ್ ಮೆರವಣಿಗಿ ಹೊಂಟೇನೇನು?" ಎಂದು ಅದರ ಮೇಲೆ ಜೋಳದ ಚೀಲ ಇಡಿಸಿದಳು. ಬಹಳ ದಿನ ಆ ಕುರ್ಚಿ ಗಿರಣಿಯಲ್ಲಿ ಚೀಲ ಹೊತ್ತುಕೊಂಡೇ ಇತ್ತು.

ಇಂಥವಳು ಗಾಲಿಕುರ್ಚಿಯಲ್ಲಿ ಕೂತದ್ದು ಜೀವಮಾನದಲ್ಲಿ ಒಂದೇ ದಿನ.

ಅವಳಿಗಿದ್ದವನು ಒಬ್ಬನೇ ತಮ್ಮ, ಶಿವಯೋಗೀಶ. ಅವಳಿಗಿಂತ ಹದಿಮೂರು ವರ್ಷಕ್ಕೆ ಚಿಕ್ಕವನು. ಅವನಿಗೆ ಎರಡು ತುಂಬುವುದರೊಳಗೆ ತಾಯಿ ತೀರಿಕೊಂಡಳು, ಬಾಳವ್ವನೇ ತಾಯಿಯಾದಳು. ಎತ್ತಿಕೊಂಡು ತಿರುಗುವುದು ಅವಳಿಂದ ಆಗದ ಮಾತು. ಕೈಹಿಡಿದು ನಡೆಸೋಣವೆಂದರೆ ಅವಳ ಎರಡು ಕೈಗೂ ಅವುಗಳದೇ ಕೆಲಸವಿತ್ತು. ಹುಡುಗ ತಾನೇ ಉಪಾಯ ಕಂಡುಕೊಂಡ. ಅಕ್ಕನ ಕೋಲು ಹಿಡಿದು ನಡೆದ. ಸಾಲಿಗೆ ಹೋದದ್ದೂ ಹಾಗೆಯೇ. ದೊಡ್ಡವನಾಗಿ ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ಎಳೆ ಎಳೆದು ಹತ್ತಿಯ ಗುಣ ಹೇಳುವುದನ್ನು ಕಲಿತ. ಆ ಕಸುಬೇ ಅವನನ್ನು ಇಂದೋರಿನ ಹತ್ತಿ ಮಿಲ್ಲಿಗೆ ಒಯ್ದಿತು. ಅಲ್ಲಿಯೇ ಮದುವೆ, ಅಲ್ಲಿಯೇ ಮನೆ, ಅಲ್ಲಿಯೇ ಮಗಳು ಶಾಂಭವಿ.

ಇಂದೋರಿಗೆ ಹೊರಡುವ ದಿನ ಅವನು ಕೊರಳಲ್ಲಿದ್ದ ಲಿಂಗ ತೆಗೆದು ದೇವರ ಜಗುಲಿಯ ಮೇಲಿಟ್ಟಿದ್ದ. ಕೂಸಾಗಿದ್ದಾಗ ಅಯ್ಯನವರು ಕಟ್ಟಿದ ಲಿಂಗ ಅದು. ಬಾಳವ್ವನಿಗೆ ಸಿಟ್ಟು ನೆತ್ತಿಗೇರಿತು.

"ಊರೂರು ತಿರಗಾವ ನಾನು, ಎಲ್ಲ್ಯರ ಕಳದ್ರ ಏನ್ ಮಾಡ್ಲಿ? ನಿನ್ನ ಕಡೆ ಇರಲಿ ಅಕ್ಕಾ. ನಾ ಸತ್ತಾಗ ತಂದು ಕೈಯಾಗಿಡು, ಆತು," ಎಂದು ನಕ್ಕ.

"ಬಿಡ್ತು ಅನ್ನು, ಭಾಡ್ಯಾ!" ಎಂದು ಅವಳು ಕೋಲೆತ್ತಿದಳು. ಅವನು ಬಿಡ್ತು ಅನ್ನಲಿಲ್ಲ, ನಗುತ್ತ ಓಡಿಹೋದ. ಅಂದಿನಿಂದ ಇಪ್ಪತ್ತೈದು ವರ್ಷ ಬಾಳವ್ವ ದಿನಾ ಮುಂಜಾನೆ ಮೊದಲು ತನ್ನ ಲಿಂಗಕ್ಕೆ, ಆಮೇಲೆ ತಮ್ಮನ ಲಿಂಗಕ್ಕೆ ನೀರು, ವಿಭೂತಿ, ಪತ್ರಿ ಏರಿಸಿದಳು.

ಹೋದ ಬ್ಯಾಸಗಿಯಲ್ಲಿ ಒಂದು ದಿನ ಗಿರಣಿ ಓಡುತ್ತಿದ್ದಾಗಲೇ ಫೋನು ಬಂತು. ಮಿಲ್ಲಿನಲ್ಲಿ ಹತ್ತಿ ನೋಡುತ್ತ ನಿಂತಿದ್ದ ಶಿವಯೋಗೀಶ ಎದೆ ಹಿಡಿದುಕೊಂಡು ಕುಸಿದನಂತೆ, ಮತ್ತೆ ಏಳಲಿಲ್ಲವಂತೆ. ಗಿರಣಿಯ ಸದ್ದಿನಲ್ಲಿ ಬಾಳವ್ವ ಅದನ್ನು ಎರಡು ಸಲ ಹೇಳಿಸಿಕೊಂಡಳು.

ಅವರ ಮಂದಿಯಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂಡಿಸಿ ಮಣ್ಣು ಕೊಡುತ್ತಾರೆ, ಎಡಗೈಯಲ್ಲಿ ಅವರ ಲಿಂಗ ಇಟ್ಟು. ಶಾಂಭವಿಯ ತಾಯಿಯ ಕಡೆಯವರದು ಬೇರೆ ಪದ್ಧತಿ. ಆದರೂ ಆ ಹುಡುಗಿ ಹಟ ಹಿಡಿದು, ಗುರುತಿನವರ ಹೊಲದಲ್ಲಿ ಅಪ್ಪನಿಗೊಂದು ಜಾಗ ಬೇಡಿ ಪಡೆದಿದ್ದಳು. "ಅತ್ತಿ, ನಾಳಿ ನಾಕು ಗಂಟೆ ತನಕ ಇಡ್ತೇವಿ. ಬಿಸಲು ಭಾಳ ಐತಿ, ಆಮ್ಯಾಲ ಆಗೂದಿಲ್ಲ ಅಂತಾರ. ವಿಮಾನದಾಗ ಬಾ. ಅಪ್ಪನ ಲಿಂಗ ತೊಗೊಂಡು ಬಾ," ಎಂದು ತಾನೇ ಟಿಕೇಟೂ ತೆಗೆಸಿದಳು. ನಡುವೆ ಒಂದು ದೊಡ್ಡ ಊರಿನಲ್ಲಿ ವಿಮಾನ ಬದಲಿಸಬೇಕಿತ್ತು.

ಲಿಂಗವನ್ನು ಒಯ್ಯುವುದು ಹೇಗೆ ಎಂಬುದೇ ಬಾಳವ್ವನ ಚಿಂತೆಯಾಯಿತು. ಚೀಲದಲ್ಲಿಟ್ಟರೆ ಚೀಲ ನೆಲಕ್ಕೆ ತಾಗುತ್ತದೆ. ಸೀರೆಯ ಮಡಿಲಲ್ಲಿ ಕಟ್ಟಿಕೊಳ್ಳುವಂತಿಲ್ಲ, ಹೊಕ್ಕುಳ ಕೆಳಗೆ ಲಿಂಗ ಇಳಿಯಬಾರದು. ಓಣಿಯ ಜಂಗಮರಾದ ಚನ್ನಯ್ಯನವರು ಬಂದು, "ನಿಮ್ಮ ಲಿಂಗದ ಜೋಡಿ ಅದನ್ನೂ ಕೊರಳಿಗೆ ಕಟಗೋರಿ ಬಾಳವ್ವಾ. ಆಪತ್ತಿನಾಗ ನಡೀತೈತಿ. ನಾ ಹೇಳಾಕತ್ತೇನಲ್ಲ," ಎಂದರು.

"ಒಬ್ಬರ ಲಿಂಗ ಇನ್ನೊಬ್ಬರು ಕಟಗೊಂಡದ್ದು ನಮ್ಮ ಮನ್ಯಾಗ ಇಲ್ರಿ ಅಯ್ಯಾರ. ಅಂವಂದು ಅಂವನ ಕೈಗೇ ಮುಟ್ಟಬೇಕು."

ಅಯ್ಯನವರೇ ಹೇಳಿದರೂ ಕೇಳದವಳು ಬಾಳವ್ವ. ಬಿಳಿ ವಸ್ತ್ರದಲ್ಲಿ ಸುತ್ತಿ ಎಡ ಅಂಗೈಯಲ್ಲಿಟ್ಟುಕೊಂಡಳು. ಇಟ್ಟುಕೊಂಡ ಮೇಲೆ ಗೊತ್ತಾಯಿತು, ಮೊಣಕಾಲು ಒತ್ತಲು ಕೈಯೇ ಇಲ್ಲ. ಆ ಕೈಯನ್ನು ಲಿಂಗ ಸಮೇತ ಕಾಲಿಗೆ ಒತ್ತುವುದೇ? ಶಿವ ಶಿವಾ! ಹಾಗಾಗಿ, ಜೀವಮಾನದಲ್ಲಿ ಮೊದಲ ಸಲ, ಗಾಲಿಕುರ್ಚಿಗೆ ಹೂಂ ಅಂದಳು. ಗಿರಣಿಯ ಕೀಲಿ ತೆಗೆದುಕೊಂಡ ಪಕ್ಕದ ಮನೆಯ ಸುಲ್ತಾನಾ, "ಅಕ್ಕಾ, ಹುಷಾರು. ಗಿರಣಿ ಚಿಂತಿ ಬಿಡ್ರಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹುಬ್ಬಳ್ಳಿಯ ವಿಮಾನ ನಿಲ್ದಾಣದಲ್ಲಿ ತೊಂದರೆಯಾಗಲಿಲ್ಲ. ತಪಾಸಣೆಯ ಹೆಣ್ಣುಮಗಳು ಬಿಳಿ ವಸ್ತ್ರ ನೋಡಿದವಳೇ ತಿಳಿದುಕೊಂಡು ಕೈಮುಗಿದಳು. ಬದಲಿಸುವ ಊರಿನ ನಿಲ್ದಾಣ ಮಾತ್ರ ನಿಲ್ದಾಣವೋ ಇನ್ನೊಂದು ಊರೋ ಎನ್ನುವಷ್ಟು ದೊಡ್ಡದು. ಗಾಜು, ನುಣುಪು ನೆಲ, ತಲೆ ಎತ್ತಿದರೆ ಓದಲು ಬಾರದ ಇಂಗ್ಲಿಷ್ ಫಲಕ. ಅಲ್ಲಿ ಕೈಯಲ್ಲಿದ್ದುದನ್ನು ತಟ್ಟೆಯಲ್ಲಿಡಿ ಎಂದರು. ಆ ತಟ್ಟೆಯಲ್ಲಿ ಆಗಷ್ಟೇ ಯಾರದೋ ಬೂಟು ಹೋಗಿದ್ದವು. ಬಾಳವ್ವ ಕೈ ಮುಚ್ಚಿಕೊಂಡಳು. ಕೊನೆಗೆ ವಯಸ್ಸಾದ ಅಧಿಕಾರಿಯೊಬ್ಬಳು ಬಂದು, ಮುಟ್ಟದೆ, ಅವಳಿಂದಲೇ ವಸ್ತ್ರ ಬಿಡಿಸಿ ನೋಡಿ, ಹೋಗಲು ಬಿಟ್ಟಳು. ಆಗ ಹನ್ನೊಂದೂವರೆ. ಇಂದೋರಿನ ವಿಮಾನ ಹನ್ನೆರಡೂಕಾಲಿಗೆ.

ಕುರ್ಚಿ ತಳ್ಳುವ ನಡುವಯಸ್ಸಿನ ಮನುಷ್ಯ ಅವಳನ್ನು ಒಂದು ಕಂಬದ ಹಿಂದೆ ತಂದು ನಿಲ್ಲಿಸಿದ. ಅಲ್ಲಿ ಆಗಲೇ ಮೂರು ಗಾಲಿಕುರ್ಚಿಗಳಿದ್ದವು, ಮೂರರಲ್ಲೂ ಮುದುಕರು. ಹತ್ತು ನಿಮಿಷದಲ್ಲಿ ಬಂದು ಗೇಟಿಗೆ ಒಯ್ಯುತ್ತೇನೆ, ಇಲ್ಲೇ ಇರಿ ಎಂದು ಹಿಂದಿಯಲ್ಲಿ ಹೇಳಿ, ಒಬ್ಬ ಮುದುಕನನ್ನು ತಳ್ಳಿಕೊಂಡು ಹೋದ. ಕಮರಿಪೇಟೆಯಲ್ಲಿ ಹುಟ್ಟಿ ಬೆಳೆದವಳಿಗೆ ಅಷ್ಟು ಹಿಂದಿ ತಿಳಿಯುತ್ತಿತ್ತು. ಹೂಂ ಅಂದಳು.

ಹತ್ತು ನಿಮಿಷ ಇಪ್ಪತ್ತಾಯಿತು. ಮಂದಿ ಪೆಟ್ಟಿಗೆ ಎಳೆದುಕೊಂಡು ಹಾಯ್ದು ಹೋಗುತ್ತಿದ್ದರು. ಗಾಲಿಕುರ್ಚಿಯಲ್ಲಿ ಕೂತವಳನ್ನು ಅವರು ನೋಡುತ್ತಿದ್ದುದು ಸಾಮಾನು ನೋಡಿದ ಹಾಗೆ. ಗಿರಣಿಯಲ್ಲಿ ಚೀಲ ಹೊತ್ತು ನಿಂತ ಕುರ್ಚಿ ಅವಳಿಗೆ ನೆನಪಾಯಿತು. ಹೆಸರು ಕೂಗಿ ಕರೆಯಬಹುದೆಂದು ಕಿವಿಗೊಟ್ಟಳು. ಅದು ಕೂಗದ ನಿಲ್ದಾಣವಂತೆ, ಎಲ್ಲ ಫಲಕದಲ್ಲೇ. ಅದು ಅವಳಿಗೆ ಯಾರು ಹೇಳಬೇಕು?

ಹನ್ನೆರಡಕ್ಕೆ ಫೋನು ಬಂತು. "ವಿಮಾನ ಹತ್ತಿದೇನ್ ಅತ್ತಿ?"

"ಇಲ್ಲವಾ, ಕರಕೊಂಡು ಹೋಗಾಕ ಬರ್ತೇನಿ ಅಂದಾನ."

"ಬಾಗಲಾ ಹಾಕಿಬಿಡ್ತಾರ ಅತ್ತಿ! ಯಾರನ್ನರ ಕೇಳಿಕೊಂಡು ನಡದು ಹೋಗು!"

"ಹೆಂಗ ನಡೀಲಿ ಶಾಂಭವಿ? ಕೈಯಾಗ ನಿಮ್ಮಪ್ಪನ ಲಿಂಗ ಐತಿ."

ದಾರಿಹೋಕನೊಬ್ಬನನ್ನು ಕರೆದು ವಿಮಾನದ ಚೀಟಿ ತೋರಿಸಿದಳು. ಅವನು ಕೈಯೆತ್ತಿ ಫಲಕ ತೋರಿಸಿ ನಡೆದುಬಿಟ್ಟ. ಇನ್ನೊಬ್ಬಳು ಕಿವಿಯಲ್ಲಿ ಹಾಡು ಸಿಕ್ಕಿಸಿಕೊಂಡಿದ್ದಳು. ಒಮ್ಮೆ ಬಾಳವ್ವ ಕೋಲು ಊರಿ ಎದ್ದಳು ಕೂಡ. ಎಡಗಾಲು ಮಡಿಚಿತು, ಎಡಗೈ ತನ್ನಷ್ಟಕ್ಕೆ ಮೊಣಕಾಲಿನತ್ತ ಇಳಿಯಿತು, ಬೆಂಕಿ ತಾಗಿದಂತೆ ಅದನ್ನು ಮೇಲೆಳೆದುಕೊಂಡಳು. ಧೊಪ್ಪನೆ ಕುರ್ಚಿಗೆ ಬಿದ್ದಳು.

ಕುರ್ಚಿ ತಳ್ಳುವವನು ಮರಳಿ ಬಂದಾಗ ಹನ್ನೆರಡೂವರೆ. ನಾಲ್ಕು ಕುರ್ಚಿಗೆ ತಾನೊಬ್ಬನೇ ಎಂದು ಕೈಮುಗಿದ. ಅವನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಹಗಲಿನಲ್ಲಿ ಇಂದೋರಿಗೆ ಬೇರೆ ವಿಮಾನವಿರಲಿಲ್ಲ. ಮರುದಿನ ಬೆಳಗಿನದಕ್ಕೆ ಹೆಸರು ಬರೆಸಿಕೊಟ್ಟ, ಚಹಾ ತಂದುಕೊಟ್ಟ. ಬಾಳವ್ವ ಚಹಾ ಮುಟ್ಟಲಿಲ್ಲ, ಅಲ್ಲಿಂದ ಕದಲಲೂ ಇಲ್ಲ.

ನಾಲ್ಕು ಗಂಟೆಗೆ ಶಾಂಭವಿ ವೀಡಿಯೊ ಫೋನು ಮಾಡಿದಳು. ಪರದೆಯ ಮೇಲೆ ತಮ್ಮನ ಮುಖ, ಹಣೆಯ ತುಂಬ ವಿಭೂತಿ. ತೊಡೆಯ ಮೇಲೆ ಎಡಗೈ, ಅಂಗೈ ಮೇಲಾಗಿ, ಖಾಲಿ.

"ಅತ್ತಿ, ಅಪ್ಪನ ಕೈಯಾಗ ಏನಿಡ್ಲಿ? ಎಲ್ಲಾರೂ ಕೇಳಾಕತ್ತಾರ."

ಇಪ್ಪತ್ತೈದು ವರ್ಷ ನೀರೆರೆದದ್ದು ಇಲ್ಲಿದೆ, ಇಡಬೇಕಾದ ಕೈ ಅಲ್ಲಿದೆ. ಬಾಳವ್ವ ಹೇಳಿದಳು, "ನಿನ್ನ ಕೈ ಇಡವ್ವಾ. ಸ್ವಲ್ಪ ಹೊತ್ತು ಇಟ್ಟು ತಕ್ಕೊ. ಸಣ್ಣಾಂವ ಇದ್ದಾಗ ಅಂವಗ ಹಿಡ್ಯಾಕ ನನ್ನ ಕೈ ಒಂದಿನಾನೂ ಖಾಲಿ ಇರಲಿಲ್ಲ. ಈಗೂ ಕೋಲ ಹಿಡದು ಹೋಗಬಾರದು ಅಂವ."

ಹುಡುಗಿ ಕೈಯಿಟ್ಟಳು. ಆಮೇಲೆ ಮಣ್ಣು ಬಿದ್ದ ಸದ್ದು, ಆಮೇಲೆ ಬರೀ ಗಾಳಿಯ ಸದ್ದು.

ಫೋನು ಇಟ್ಟ ಬಾಳವ್ವ ಅಂಗೈ ನೋಡಿಕೊಂಡಳು. ಆಮೇಲೆ ವಸ್ತ್ರದ ತುದಿಗಳನ್ನು ತನ್ನ ಶಿವದಾರಕ್ಕೆ ಗಂಟು ಹಾಕಿ, ತಮ್ಮನ ಲಿಂಗವನ್ನು ತನ್ನದರ ಪಕ್ಕ ಕೊರಳಿಗೆ ಕಟ್ಟಿಕೊಂಡಳು. ಆಕಾಶ ಕಳಚಿ ಬೀಳಲಿಲ್ಲ. ಕುರ್ಚಿಯಿಂದ ಎದ್ದಳು. ಕೋಲು ಊರಿದಳು, ಮೊಣಕಾಲು ಒತ್ತಿದಳು. ಕಂಬ ದಾಟಿ, ಗಾಜಿನ ಗೋಡೆಯ ಗುಂಟ ತಿರುಗಿ, ತಪ್ಪಿದ ವಿಮಾನದ ಚೀಟಿಯಲ್ಲಿದ್ದ ಅಂಕಿಯೇ ದೊಡ್ಡದಾಗಿ ಬರೆದಿದ್ದ ಬಾಗಿಲ ಮುಂದೆ ನಿಂತಳು.

ತೊಂಬತ್ತಾರು ಹೆಜ್ಜೆ. ಗಿರಣಿಯಿಂದ ಓಣಿಯ ತುದಿಯ ನಳಕ್ಕೆ ಇದರ ಎರಡರಷ್ಟಿದೆ, ಅವಳು ದಿನಾ ಎರಡು ಸಲ ಹೋಗಿ ಬರುತ್ತಾಳೆ. ಬಾಳವ್ವ ಆ ಮುಚ್ಚಿದ ಬಾಗಿಲಿಗೆ ಹಣೆಯೊತ್ತಿ, ಅಷ್ಟು ಮಂದಿಯ ನಡುವೆ, ಊರಿಗೇ ಕೇಳುವಂತೆ ಅತ್ತಳು.