ಒಳಗೆ ಬಿಟ್ಟ ಬಟ್ಟೆ

ಅವರ ರವಿಕೆಯ ಎರಡು ತೋಳುಗಳು ಎಂದೂ ಒಂದೇ ಬಟ್ಟೆಯವಾಗಿರಲಿಲ್ಲ. ಮೈ ಭಾಗ ಕಡು ಹಸಿರಾದರೆ ಬಲತೋಳು ಅರಿಶಿನ ಬಣ್ಣದ್ದು, ಎಡತೋಳು ಬಿಳಿ ಚುಕ್ಕಿಗಳ ನೀಲಿ. ಆ ತೋಳುಗಳಿಂದ ಹೊರಗೆ ಬಂದ ಕೈಗಳು ಮಾತ್ರ ಸಣಕಲು, ಕಪ್ಪು, ಮೊಣಕೈಯಲ್ಲಿ ಸೀಮೆಸುಣ್ಣದ ಪುಡಿ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಒಂದು ಗಲ್ಲಿಯಲ್ಲಿ, ಬಳೆ ಅಂಗಡಿಯ ಮೆಟ್ಟಿಲ ಕೆಳಗೆ, ಎರಡು ಮೆಷಿನ್ನು ಮತ್ತು ಒಂದು ಇಸ್ತ್ರಿ ಟೇಬಲ್ಲು ಹಿಡಿಸುವಷ್ಟು ಜಾಗ. ಅಲ್ಲಿ ಅವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಕೂತಿದ್ದರು. ಗಿರಾಕಿಗಳು ಟೈಲರಮ್ಮ ಎನ್ನುತ್ತಿದ್ದರು. ನಾನು ಅಕ್ಕ ಎನ್ನುತ್ತಿದ್ದೆ.

ತೋಳುಗಳು ಬೇರೆ ಬೇರೆ ಯಾಕೆ ಎಂದು ಕೇಳಿದವರಿಗೆ ಒಂದೇ ಉತ್ತರ: "ಒಬ್ರ ತುಂಡಲ್ಲಿ ಒಂದೇ ತೋಳು ಬರೋದು. ಇನ್ನೊಂದಕ್ಕೆ ಇನ್ನೊಬ್ರು ಕೊಡ್ತಾರೆ." ಹೊಲಿದು ಉಳಿದ ತುಂಡು ಅಂಗೈಯಗಲ ಇದ್ದರೂ ಗಿರಾಕಿಯನ್ನು ಕೇಳದೆ ಇಟ್ಟುಕೊಳ್ಳುತ್ತಿರಲಿಲ್ಲ. "ಇದು ನಾನಿಟ್ಕೊಳ್ಲಾ ಮೇಡಂ?" ಬೇಡ ಎಂದರೆ ಸುತ್ತಿ ಅವರ ಚೀಲಕ್ಕೇ ಹಾಕುತ್ತಿದ್ದರು. ಕೊಟ್ಟ ತುಂಡನ್ನು ಗಲ್ಲಿಯ ಬಾಯಿಗೆ ಒಯ್ದು, ಬಿಸಿಲಿನಲ್ಲಿ ಹಿಡಿದು, ಯಾವುದಕ್ಕೆ ಯಾವುದು ಒಗ್ಗುತ್ತದೆ ಎಂದು ನೋಡುತ್ತಿದ್ದರು. ಅರಿಶಿನದ ತೋಳು ತನ್ನ ಜೊತೆಯ ನೀಲಿಗಾಗಿ ಎಂಟು ತಿಂಗಳು ಡಬ್ಬಿಯಲ್ಲಿ ಕಾದಿತ್ತು. ಹೊಸ ಬಟ್ಟೆ ಕೊಂಡು ರವಿಕೆ ಹೊಲಿದುಕೊಂಡದ್ದನ್ನು ನಾನು ನೋಡಿಲ್ಲ. ಆದರೂ ಆ ಬೀದಿಯಲ್ಲಿ ಹೋಗುವ ಸಾವಿರ ಹೆಂಗಸರಲ್ಲಿ ನಿಮ್ಮ ಕಣ್ಣು ಅವರ ಮೇಲೆಯೇ ನಿಲ್ಲುತ್ತಿತ್ತು.

ನಾನು ಅವರ ಹತ್ತಿರ ಮೊದಲು ಹೋದದ್ದು ಗಿರಾಕಿಯಾಗಿ. ಕೆ.ಆರ್. ಪುರಂ ಕಡೆಯ ಒಂದು ಗಾರ್ಮೆಂಟ್ಸಿನಲ್ಲಿ ಓವರ್‌ಲಾಕ್ ಮೆಷಿನ್ ಓಡಿಸುತ್ತಿದ್ದೆ. ಮಗು ಹುಟ್ಟಿದ ಮೇಲೆ ಕೆಲಸ ಹೋಯಿತು. ರಾಮಮೂರ್ತಿ ನಗರದ ಒಂದೇ ಕೋಣೆಯ ಮನೆ, ಗೂಡ್ಸ್ ಆಟೋ ಓಡಿಸುವ ಗಂಡ, ಎದೆಗೆ ಕಚ್ಚಿದ ಕೂಸು. ಊರಲ್ಲಿ ತಮ್ಮನ ಮದುವೆ ಇತ್ತು. ಅವ್ವ ಕೊಡಿಸಿದ್ದ ಕೆಂಪು ಖಣದ ಕುಪ್ಪಸ ಮೈಗೆ ಹತ್ತುತ್ತಿರಲಿಲ್ಲ. ಅದನ್ನು ಹಿಡಿದು ಶಿವಾಜಿನಗರದ ಬಸ್ಸು ಹತ್ತಿದೆ.

ಅವರು ನನ್ನ ಮುಖ ನೋಡಲಿಲ್ಲ. ಕುಪ್ಪಸವನ್ನು ಒಳಮಗ್ಗುಲು ತಿರುಗಿಸಿ ಪಕ್ಕದ ಹೊಲಿಗೆಯುದ್ದಕ್ಕೂ ಬೆರಳು ಎಳೆದರು.

"ಯಾವೂರಮ್ಮ ನಿಂದು?"

"ರಾಯಚೂರ್ ಕಡೀರಿ."

"ನಿಮ್ಮೂರ ಟೈಲರ್ ಒಳ್ಳೆಯವ್ನು ಕಣಮ್ಮ. ಎರಡು ಬೆರಳು ಬಟ್ಟೆ ಒಳಗೇ ಬಿಟ್ಟಿದಾನೆ. ನೀನು ಮಗು ಹೆತ್ತು ದಪ್ಪ ಆಗ್ತೀಯ ಅಂತ ಅವನಿಗೆ ಮೊದ್ಲೇ ಗೊತ್ತಿತ್ತು."

ನಗು ಬಂತು. ನಗುತ್ತಲೇ ಯಾಕೋ ಅಳು ಬಂತು. ಈ ನಗರದಲ್ಲಿ ಅಷ್ಟು ದಿನದಿಂದ ಯಾರೂ ನನ್ನನ್ನು ನಗಿಸಿರಲಿಲ್ಲ. ಅವರು ಸಮಾಧಾನ ಹೇಳಲಿಲ್ಲ. ಬ್ಲೇಡು ಕೈಗೆ ಕೊಟ್ಟು, "ಅಳು, ಪರ್ವಾಗಿಲ್ಲ. ಅಳ್ತಾ ಅಳ್ತಾ ಹೊಲಿಗೆ ಬಿಚ್ಚು, ನೋಡೋಣ" ಎಂದರು. ನಾನು ಒಂದು ಎಳೆಯನ್ನೂ ಹರಿಯದೆ ಬಿಚ್ಚಿದೆ. ಒಂದು ಬೆರಳಷ್ಟು ಸಡಿಲ ಮಾಡಿ, ಇನ್ನೊಂದು ಬೆರಳಷ್ಟು ಒಳಗೇ ಉಳಿಸಿ ಹೊಲಿದು ಕೊಟ್ಟರು. "ಮದುವೆ ಮುಗಿಸ್ಕೊಂಡು ಬಾ. ಕೆಲ್ಸ ಇದೆ."

ಅಂದಿನಿಂದ ನನ್ನ ಹೆಸರು ಅವರ ಬಾಯಲ್ಲಿ 'ರಾಯಚೂರು' ಎಂದೇ ಆಯಿತು. "ಏಯ್ ರಾಯಚೂರು, ಇಸ್ತ್ರಿ ಕಾದಿದ್ಯಾ ನೋಡು." "ರಾಯಚೂರು, ಊಟ ಮಾಡ್ದ್ಯಾ?" ಅವರು ಹಲಸೂರಿನವರು, ಮನೆಯಲ್ಲಿ ತಮಿಳು. ನನ್ನ ಮಾತು ಅವರಿಗೆ ತಮಾಷೆ. "ಬರ್ರಿ, ಕುಂದ್ರಿ" ಎಂದು ನನ್ನ ಹಾಗೆಯೇ ಗಿರಾಕಿಗಳನ್ನು ಕರೆದು ನಗುತ್ತಿದ್ದರು.

ಓವರ್‌ಲಾಕ್ ಮೆಷಿನ್ನಿಗೆ ಒಂದು ಸಣ್ಣ ಚಾಕು ಇರುತ್ತದೆ. ಅಂಚನ್ನು ಹೊಲಿಯುತ್ತಲೇ ಹೆಚ್ಚಿಗೆ ಇರುವ ಬಟ್ಟೆಯನ್ನು ಅದು ಕತ್ತರಿಸುತ್ತ ಹೋಗುತ್ತದೆ. ಗಾರ್ಮೆಂಟ್ಸಿನಲ್ಲಿ ನನ್ನ ಕೈ ಕಲಿತದ್ದು ಅದನ್ನೇ. ಮೊದಲ ವಾರವೇ ಒಬ್ಬ ಹುಡುಗಿಯ ಲಂಗದ ಒಳಬಟ್ಟೆಯನ್ನೆಲ್ಲ ಹಾಗೆ ಕತ್ತರಿಸಿ ನೀಟಾಗಿ ಅಂಚು ಕಟ್ಟಿಟ್ಟೆ. ಅಕ್ಕ ಅದನ್ನು ತಿರುಗಿಸಿ ನೋಡಿದವರು ಸ್ಕೇಲಿನಿಂದ ನನ್ನ ಮಣಿಕಟ್ಟಿಗೆ ಒಂದು ಬಿಟ್ಟರು.

"ಮನುಷ್ಯರು ಇದ್ದಂಗೇ ಇರ್ತಾರಾ? ದಪ್ಪ ಆಗ್ತಾರೆ, ಸಣ್ಣ ಆಗ್ತಾರೆ, ಮತ್ತೆ ದಪ್ಪ ಆಗ್ತಾರೆ. ಬಟ್ಟೆಗೆ ಅದು ಗೊತ್ತಿರ್ಬೇಕಮ್ಮ. ಒಳಗಿರೋದನ್ನ ಕತ್ತರಿಸ್ಬೇಡ. ಯಾವತ್ತೂ."

ಅವರು ಬಟ್ಟೆಯನ್ನು ಹೊರಗಿನಿಂದ ನೋಡುತ್ತಲೇ ಇರಲಿಲ್ಲ. ಬೆನ್ಸನ್ ಟೌನಿನ ಒಬ್ಬ ಹುಡುಗಿ ಹಳೆಬಟ್ಟೆಯ ರಾಶಿಯಲ್ಲಿ ಹುಡುಕಿ ದೊಡ್ಡ ಹೆಸರಿನ ಕೋಟುಗಳನ್ನು ತರುತ್ತಿದ್ದಳು. ಒಂದು ಸಲ ಎರಡು ತಂದಳು. ಒಂದು ಯಾವುದೋ ವಿದೇಶಿ ಕಂಪನಿಯದು, ಇನ್ನೊಂದು ಅವಳ ಅಜ್ಜಿಯದು. ಅಕ್ಕ ಎರಡನ್ನೂ ಒಳಮಗ್ಗುಲು ತಿರುಗಿಸಿ ಪಕ್ಕಪಕ್ಕ ಹಾಸಿದರು.

"ನಿಮ್ ಫಾರಿನ್ನು ಬರೀ ಮೇಕಪ್ಪು. ಒಳಗೆ ಒಂದು ನೂಲು ಜಾಸ್ತಿ ಬಿಟ್ಟಿಲ್ಲ. ಅಜ್ಜೀದು ನೋಡಿ, ಮೂರು ಬೆರಳು! ಇದು ನಿಮ್ಗೂ ಆಗತ್ತೆ, ನಿಮ್ ಮಗಳಿಗೂ ಆಗತ್ತೆ."

"ಆಂಟಿ, ನನಗಿನ್ನೂ ಮದುವೇನೇ ಆಗಿಲ್ಲ."

"ಕೋಟಿಗೇನು ಅವಸರ? ಅದು ಕಾಯತ್ತೆ."

ಇಂದಿರಾನಗರದಲ್ಲಿ ಬೊಟಿಕ್ ಇಟ್ಟಿದ್ದ ಒಬ್ಬರು ಅಕ್ಕನ ತೋಳುಗಳನ್ನು ನೋಡಿ ಮರುಳಾದರು. ಫೋಟೋ ತೆಗೆದುಕೊಂಡರು. ಉಳಿದ ತುಂಡುಗಳಿಂದಲೇ ರವಿಕೆ, ಪರಿಸರ ಉಳಿಸುವ ಬಟ್ಟೆ ಎಂದು ನಮ್ಮ ಅಂಗಡಿಯಲ್ಲಿ ಮಾರುತ್ತೇವೆ, ನೀವೇ ಹೊಲಿದುಕೊಡಿ ಎಂದರು. ಅಕ್ಕನಿಗೆ ಖುಷಿಯಾಯಿತು. ಹೊಲಿದ ಮೊದಲ ರವಿಕೆಯನ್ನು ಆಕೆ ತಿರುಗಿಸಿ ನೋಡಿ, ಒಳಗೆ ಇಷ್ಟು ಬಟ್ಟೆ ಇದ್ದರೆ ನೀಟಾಗಿ ಕಾಣುವುದಿಲ್ಲ, ಟ್ರಿಮ್ ಮಾಡಿಬಿಡಿ ಎಂದರು. ಅಕ್ಕ ರವಿಕೆಯನ್ನು ವಾಪಸು ತೆಗೆದುಕೊಂಡು ಮಡಿಸಿದರು.

"ಮೇಡಂ, ಬಟ್ಟೆ ಉಳಿಸ್ತೀವಿ ಅಂತ ಬೋರ್ಡ್ ಹಾಕ್ತೀರ. ಒಳಗೆ ಉಳಿದಿರೋದನ್ನ ಬಿಸಾಕು ಅಂತೀರ. ನಂಗೆ ಅರ್ಥ ಆಗ್ಲಿಲ್ಲ."

ಆಕೆ ಮತ್ತೆ ಬರಲಿಲ್ಲ. ದೊಡ್ಡ ಕೆಲಸ ಕೈಬಿಟ್ಟು ಹೋಯಿತಲ್ಲ ಎಂದು ನಾನು ಮುಖ ಸಣ್ಣ ಮಾಡಿಕೊಂಡು ಕೂತಿದ್ದೆ. "ಹೋಗ್ಲಿ ಬಿಡು ರಾಯಚೂರು. ಆ ಅಮ್ಮನ ಸೀರೆ ಫಾಲ್ ನೋಡಿದ್ಯಾ? ಸೊಟ್ಟ" ಎಂದರು.

ಮರುವರ್ಷದ ಬೇಸಿಗೆಯಲ್ಲಿ ಅಕ್ಕನಿಗೆ ಊಟ ಸೇರದಾಯಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಆಸ್ಪತ್ರೆ, ಮನೆ, ಮತ್ತೆ ಆಸ್ಪತ್ರೆ. ಜೊತೆಗಿದ್ದದ್ದು ಅವರ ತಂಗಿ ಒಬ್ಬರೇ. ಅಂಗಡಿ ನನ್ನ ಮೇಲೆ ಬಿತ್ತು. ಸಂಜೆ ಬಾಗಿಲು ಎಳೆದು ಹಲಸೂರಿಗೆ ಹೋಗಿ ಅವರ ರವಿಕೆಗಳನ್ನು ತರುತ್ತಿದ್ದೆ, ಚಿಕ್ಕದು ಮಾಡಲು. ಮೊದಲ ಸಲ ಅರ್ಧ ಬೆರಳು. ಹದಿನೈದು ದಿನಕ್ಕೆ ಇನ್ನೊಂದು ಬೆರಳು. ಅವರ ಮೈ ಎಷ್ಟು ಕರಗುತ್ತಿದೆ ಎಂದು ಡಾಕ್ಟರಿಗಿಂತ ಮೊದಲು ನನ್ನ ಟೇಪಿಗೆ ಗೊತ್ತಾಗುತ್ತಿತ್ತು. ಅಳತೆ ಹೇಳುವಾಗ ನಾನು ಸುಳ್ಳು ಹೇಳುತ್ತಿದ್ದೆ. ಅವರು ನನ್ನ ಕೈಯಿಂದ ಟೇಪನ್ನು ಕಿತ್ತುಕೊಂಡು ತಾವೇ ನೋಡುತ್ತಿದ್ದರು.

"ಒಳಗೆ ಬಟ್ಟೆ ಹಂಗೇ ಇಟ್ಟಿದ್ಯಾ ತಾನೇ?"

"ಇಟ್ಟೀನಕ್ಕ."

"ಇರ್ಲಿ. ಮತ್ತೆ ದಪ್ಪ ಆಗ್ತೀನಲ್ಲ, ಬಿಚ್ಚೋಕೆ ಬೇಕು. ಆಯುಧಪೂಜೆಗೆ ಆ ಹಸಿರುದೇ ಹಾಕ್ಕೊಂಡು ಅಂಗಡಿಗೆ ಬರ್ತೀನಿ. ಮೆಷಿನ್ನಿಗೆ ನೀನು ಪೂಜೆ ಮಾಡಿದ್ರೆ ಕುಂಕುಮ ಎಲ್ಲ ಮೋಟರಿಗೆ ಹೋಗತ್ತೆ."

ಭಾದ್ರಪದದಲ್ಲಿ ಆ ಹಸಿರು ರವಿಕೆಯನ್ನು ಮೂರನೆಯ ಸಲ ಚಿಕ್ಕದು ಮಾಡಿದೆ. ಅಂದು ಬೆಳಿಗ್ಗೆ ಅವರನ್ನು ಎತ್ತಿ ಕೂರಿಸಿದ್ದೆ. ನನ್ನ ಕೂಸಿನಷ್ಟು ಹಗುರವಾಗಿದ್ದರು. ಮೆಷಿನ್ನಿನ ಮುಂದೆ ಕೂತಾಗ ಕೈಯಲ್ಲಿ ಅದೇ ಭಾರ ಇತ್ತು, ಅಲ್ಲ, ಭಾರವೇ ಇಲ್ಲದ ಆ ಹಗುರ ಇತ್ತು. ಎರಡೂ ಪಕ್ಕ ಹೊಲಿಗೆ ಒಳಗೆ ತಂದು, ಅಂಚಿಗೆ ಓವರ್‌ಲಾಕ್ ಹಾಕಿ, ಇಸ್ತ್ರಿ ಮಾಡಿ, ಮರುದಿನ ಒಯ್ದು ಕೊಟ್ಟೆ.

ಅವರು ಹಾಕಿಕೊಳ್ಳಲಿಲ್ಲ. ತಿರುಗಿಸಿ ಪಕ್ಕದ ಹೊಲಿಗೆಯುದ್ದಕ್ಕೂ ಬೆರಳು ಎಳೆದರು. ಬೆರಳು ನಿಂತಿತು. ಇನ್ನೊಂದು ಪಕ್ಕ ಎಳೆದರು. ಅಲ್ಲೂ ಏನೂ ಇರಲಿಲ್ಲ. ಮೂರು ಬೆರಳಗಲದ ಬಟ್ಟೆ ಇರಬೇಕಾದಲ್ಲಿ ಗಾರ್ಮೆಂಟ್ಸಿನ ಹಾಗೆ ನೀಟಾದ ಅಂಚು.

ನನಗೆ ಆಗ ಗೊತ್ತಾಯಿತು.

"ಇನ್ನು ಬೇಕಾಗಲ್ಲ ಅಂದ್ಕೊಂಡ್ಯಾ?" ಎಂದರು. ಸಿಟ್ಟಿರಲಿಲ್ಲ. ಸಿಟ್ಟು ಮಾಡಿ ಸ್ಕೇಲಿನಿಂದ ಹೊಡೆದಿದ್ದರೆ ಚೆನ್ನಾಗಿತ್ತು.

"ಇಲ್ಲಕ್ಕ! ಕೈ ತಪ್ಪೈತಕ್ಕ, ಗಾರ್ಮೆಂಟ್ಸಿನ ರೂಢಿ... ಹಂಗ್ಯಾಕ ಅಂತೀರಿ?"

ಅವರು ರವಿಕೆಯನ್ನು ಮಡಿಸಿ ದಿಂಬಿನ ಪಕ್ಕ ಇಟ್ಟು ಗೋಡೆಯ ಕಡೆ ತಿರುಗಿದರು.

ನಾನು ಆ ರವಿಕೆಯನ್ನು ಎತ್ತಿಕೊಂಡು ಹೊರಟೆ. ಕತ್ತರಿಸಿದ ಪಟ್ಟಿಗಳು ಬಿದ್ದಿದ್ದ ಚಿಂದಿ ಚೀಲ ಅಂಗಡಿಯಲ್ಲಿ ಇರಲಿಲ್ಲ, ಅದೇ ಬೆಳಿಗ್ಗೆ ಮಾರಾಟಕ್ಕೆ ಹೋಗಿತ್ತು. ಮಾರ್ಕೆಟ್ಟಿನ ಹಿಂದೆ ಟೈಲರುಗಳ ಚಿಂದಿ ಕೊಳ್ಳುವ ಅಂಗಡಿಗೆ ಓಡಿದೆ. ಆಳೆತ್ತರ ಚೀಲಗಳು. ಕೇಳದೆಯೇ ಒಂದನ್ನು ಸುರಿದು ಕೆದಕತೊಡಗಿದೆ.

"ಏನಮ್ಮಾ, ಚಿನ್ನ ಬಿತ್ತಾ?" ಎಂದ ಅಂಗಡಿಯ ಮುದುಕ.

"ಬಟ್ಟಿ, ಭಾಯ್. ಹಸಿರು ಪಟ್ಟಿ. ನಾಕು."

"ಪಾಗಲ್ ಹೈ ಕ್ಯಾ? ಇಲ್ಲಿರೋದೆಲ್ಲ ಬಟ್ಟೇನೇ!"

"ಟೈಲರಮ್ಮನ ರವಿಕಿದು."

ಮುದುಕ ತಾನೇ ಎರಡು ಚೀಲ ಎಳೆದು ತಂದು ಸುರಿದು, ಎದುರು ಕುಕ್ಕರಗಾಲಿನಲ್ಲಿ ಕೂತು ಹುಡುಕಿದ. ಮಧ್ಯಾಹ್ನ ಮೂರರವರೆಗೆ ಹುಡುಕಿದೆವು. ಎರಡು ಪಟ್ಟಿ ಸಿಕ್ಕವು. ಇನ್ನೆರಡು ಸಿಗಲಿಲ್ಲ.

ಸಿಕ್ಕ ಎರಡನ್ನು ರವಿಕೆಯ ಬಲ ಪಕ್ಕದ ಒಳಗೆ ಜೋಡಿಸಿದೆ. ಎಡ ಪಕ್ಕಕ್ಕೆ ಹಸಿರೇ ಇಲ್ಲ. ಮನೆಗೆ ಹೋಗಿ ನನ್ನ ಖಣದ ಕುಪ್ಪಸ ತೆಗೆದು, ಒಳಗೆ ಉಳಿದಿದ್ದುದನ್ನೆಲ್ಲ ಬಿಚ್ಚಿದೆ. ಅಷ್ಟು ಸಾಲದೆ ತೋಳನ್ನೂ ಕತ್ತರಿಸಿದೆ. ಅದನ್ನು ಕೊಡಿಸಿದ ಅವ್ವ ಆಗಲೇ ತೀರಿಕೊಂಡಿದ್ದಳು. ಕತ್ತರಿ ಹಾಕುವಾಗ ಅದು ನೆನಪಿಗೇ ಬರಲಿಲ್ಲ.

ಮರುದಿನ ಅಕ್ಕ ಆಸ್ಪತ್ರೆಯಲ್ಲಿದ್ದರು. ಕಣ್ಣು ಮುಚ್ಚಿಕೊಂಡೇ ರವಿಕೆಯ ಒಳಗೆ ಬೆರಳು ಎಳೆದರು. ಬಲಕ್ಕೆ ಹೋಗಿ, ಎಡಕ್ಕೆ ಬಂದು, ಖಣದ ದಪ್ಪ ನೂಲಿನ ಮೇಲೆ ಬೆರಳು ನಿಂತಿತು.

"ಇದ್ಯಾರದು?"

"ನಂದಕ್ಕ."

"ಕೇಳಿ ತಗೊಂಡ್ಯಾ?" ಎಂದರು. ತುಟಿ ಸ್ವಲ್ಪ ಅಲುಗಿತು. ನಕ್ಕರೋ ಏನೋ. ಆಮೇಲೆ, "ಸರಿ. ಬಿಚ್ಚೋಕೆ ಬರತ್ತೆ" ಎಂದರು.

ಕೊನೆಯ ನಾಲ್ಕು ದಿನ ಮೈಗೆ ನೀರು ತುಂಬಿತು. ಕೈ, ಕುತ್ತಿಗೆ, ಹೊಟ್ಟೆ ಎಲ್ಲ ಊದಿಕೊಂಡವು. ಆಯುಧಪೂಜೆಗೆ ಐದು ದಿನ ಇರುವಾಗ ಹೋಗಿಬಿಟ್ಟರು.

ಹಲಸೂರಿನ ಮನೆಯಲ್ಲಿ ಮೈ ತೊಳೆಸಿದ ಮೇಲೆ ತಂಗಿ ಆ ಹಸಿರು ರವಿಕೆಯನ್ನೇ ತಂದರು. ಮೂರು ಸಲ ಚಿಕ್ಕದು ಮಾಡಿದ ರವಿಕೆ ಆ ಊದಿದ ಮೈಗೆ ಎಲ್ಲಿ ಆಗಬೇಕು? ನೆರೆಯವರೊಬ್ಬರು, "ಕತ್ತರಿ ಕೊಡಿ, ಬೆನ್ನಲ್ಲಿ ಸೀಳಿ ಹಾಕೋಣ, ಎಲ್ರೂ ಹಂಗೇ ಮಾಡೋದು" ಎಂದರು.

"ಬ್ಯಾಡ್ರಿ," ಎಂದೆ. "ಕತ್ತರಿಸಬ್ಯಾಡ್ರಿ. ಬಿಚ್ಚಾಕ ಬರತೈತಿ."

ಅವರ ಪಕ್ಕದಲ್ಲೇ ನೆಲದ ಮೇಲೆ ಕೂತು ಬ್ಲೇಡಿನಿಂದ ಹೊಲಿಗೆ ಬಿಚ್ಚಿದೆ. ಮೊದಲ ದಿನ ಹೇಳಿದ ಹಾಗೆ, ಅಳುತ್ತ ಅಳುತ್ತ. ಒಂದು ಎಳೆಯೂ ಹರಿಯಲಿಲ್ಲ. ಒಳಗಿದ್ದುದನ್ನೆಲ್ಲ ಹೊರಗೆ ಬಿಟ್ಟು ಕೈಯಿಂದಲೇ ಹೊಲಿದೆ. ಸರಿಯಾಗಿ ಆಯಿತು. ಕೊಕ್ಕೆಗಳೆಲ್ಲ ಕೂತವು. ಎಡ ಕಂಕುಳ ಕೆಳಗೆ ಕೆಂಪು ಖಣ ಉದ್ದಕ್ಕೆ ಕಾಣುತ್ತಿತ್ತು. ತಂಗಿ ಅದರ ಮೇಲೆ ಸೆರಗು ಎಳೆದರು.

ಕೈ ತಪ್ಪಿತು ಎಂದು ಅವರಿಗೆ ಹೇಳಿದ್ದೆ. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ ಈಗ ನಾನೇ ಕೂರುತ್ತೇನೆ. ಅವರು ಹೊಲಿದ ಬಟ್ಟೆಗಳು ಸಡಿಲ ಮಾಡಿಸಲು ಬರುತ್ತಲೇ ಇರುತ್ತವೆ, ಬಿಚ್ಚಿದರೆ ಒಳಗೆ ಎರಡು ಬೆರಳು ಬಟ್ಟೆ ಇರುತ್ತದೆ. ಓವರ್‌ಲಾಕಿನ ಚಾಕುವನ್ನು ತೆಗೆಸಿಬಿಟ್ಟಿದ್ದೇನೆ. ಆದರೂ ಚಿಂದಿ ಚೀಲ ಕಟ್ಟುವ ಮೊದಲು ಒಮ್ಮೆ ನೆಲಕ್ಕೆ ಸುರಿದು ಕೈಯಾಡಿಸುತ್ತೇನೆ. ಸಿಗದೇ ಹೋದ ಆ ಎರಡು ಹಸಿರು ಪಟ್ಟಿ ಅದರಲ್ಲಿ ಇರಲು ಸಾಧ್ಯವೇ ಇಲ್ಲ. ಗೊತ್ತಿದ್ದೂ ಹುಡುಕುತ್ತೇನೆ.