ಡ್ರಮ್ಮು ಬೆವರಿತ್ತು

ಟಪಟಪ ಸದ್ದಾಯಿತು. ಕಾಲ ಮೇಲೆ ತಣ್ಣನೆ ನೀರು ಬಿತ್ತು. ದ್ಯಾವಮ್ಮ ಬೆಚ್ಚಿದಳು. ಅವಳ ಕೈಯಲ್ಲಿದ್ದದ್ದು ಕೊಡವಲ್ಲ, ರಾಗಿ ಡ್ರಮ್ಮಿನ ಮುಚ್ಚಳ. ಒಳಗಿಂದ ಹುಳಿ ಹೆಂಡದ ವಾಸನೆ ಮುಖಕ್ಕೆ ಹೊಡೆಯಿತು. ಕೈ ಹಾಕಿದರೆ ಬೆಚ್ಚಗಿನ ಗಂಟುಗಳು; ಮೈತುಂಬ ಬಿಳಿ ಬೂಷ್ಟು.

ಹೊಣಕೆರೆ ಸೀಮೆಯ ಆ ಊರಲ್ಲಿ ಇಪ್ಪತ್ತೆಂಟು ವರ್ಷದಿಂದ ಹುಟ್ಟಿದ ಮಕ್ಕಳೆಲ್ಲ ಮೊದಲು ಉಂಡದ್ದು ದ್ಯಾವಮ್ಮನ ಮೊಳಕೆ ರಾಗಿಯ ಹಿಟ್ಟು ಕುದಿಸಿದ ಸರಿಯನ್ನೇ. ಅವಳು ರಾಗಿ ನೆನೆಸಿ, ಹಳೇ ಪಂಚೆಯಲ್ಲಿ ಬಿಗಿದು ಕಟ್ಟಿ, ಮೊಳಕೆ ದಾರದೆಳೆಯಂತೆ ಇಣುಕಿದಾಗ ಬಿಸಿಲಿಗೆ ಹರವುತ್ತಿದ್ದಳು. ಒಣಗಿದ ಮೇಲೂ ಆತುರವಿಲ್ಲ. ರಾಶಿಯೊಳಗೆ ಮೊಣಕೈವರೆಗೆ ತೋಳಿಟ್ಟು ನೋಡಿ, ಕಾವು ಪೂರಾ ಇಳಿದ ಮೇಲೆಯೇ ಮಣ್ಣಿನ ದೊಡ್ಡ ಗುಡಾಣಕ್ಕೆ, ವಾಡೆಗೆ, ತುಂಬುವುದು. ರಾಗಿಗೂ ನಿದ್ದೆ ಹತ್ತಬೇಕು ಎನ್ನುತ್ತಿದ್ದಳು.

ತೊಂಬತ್ತಾರರ ಆ ಚಳಿಗಾಲಕ್ಕೆ ವಾಡೆ ಬಿರುಕು ಬಿಟ್ಟಿತು. ಗಂಡ ನರಸಯ್ಯ ನಾಗಮಂಗಲದ ಸಂತೆಯಿಂದ ನೀಲಿ ಪ್ಲಾಸ್ಟಿಕ್ ಡ್ರಮ್ಮು ತಂದು, ಇದರೊಳಕ್ಕೆ ಇರುವೆಯೂ ನುಗ್ಗದು ಎಂದು ಬೀಗಿದ. ಅದನ್ನು ನಂಬಿ, ಬಿಸಿಲಿನ ಬಿಸಿ ಆರುವ ಮೊದಲೇ ಅವಳು ರಾಗಿ ಸುರಿದು ಮುಚ್ಚಳ ಬಿಗಿದಿದ್ದಳು. ಹಗಲು ಸುಡುವ ಬಿಸಿಲು, ಇರುಳು ಕೊರೆಯುವ ಚಳಿ. ಮಣ್ಣಾದರೆ ಉಸಿರಾಡುತ್ತಿತ್ತು. ಡ್ರಮ್ಮು ಹತ್ತು ದಿನ ಒಳಗೊಳಗೇ ಬೆವರಿತ್ತು.

ನರಸಯ್ಯ ಬಾಗಿಲಲ್ಲೇ ಮೂಗರಳಿಸಿದ. “ಒಳ್ಕೋಣೆ ಎಂಡದಂಗಡಿ ಆಗೋಗದಲ್ಲೇ. ನಮ್ಮಪ್ಪ ಇದ್ದಿದ್ರೆ ಚೊಂಬು ಇಡ್ಕಂಡು ಬಂದ್ಬುಡೋನು.”

ದ್ಯಾವಮ್ಮ ನಗಲಿಲ್ಲ. ಗಂಟೊಂದನ್ನು ಹಿಸುಕಿ ನೋಡುತ್ತಲೇ ಇದ್ದಳು, ತನ್ನ ಕೈಯಿಂದಲೇ ಇದು ಆಯಿತೆಂಬುದು ನಂಬಿಕೆಗೆ ಬಾರದವಳಂತೆ.

ಸೊಸೆ ಪ್ರಮೀಳಾ ಮೂಗು ಒರೆಸಿಕೊಳ್ಳುತ್ತ ಬಂದವಳು ಡ್ರಮ್ಮಿನೊಳಗೆ ಬಗ್ಗಿದಳು.

“ಅತ್ತೆ, ಮೊನ್ನೆ ಪುಟ್ಟಗೌರಮ್ಮಾರ ಮನೆಗೆ ಇದ್ರಲ್ಲೇ ಒಂದು ಸೇರು ಅಳೆದುಕೊಟ್ಟೆ. ಕತ್ತಲೆ ಇತ್ತು. ನೆಗಡಿ ಬೇರೆ, ವಾಸ್ನೆ ಗೊತ್ತಾಗ್ನಿಲ್ಲ.”

ದ್ಯಾವಮ್ಮ ಕೈಲಿದ್ದ ಗಂಟನ್ನು ಕೆಳಗೆ ಬಿಟ್ಟಳು. ಪುಟ್ಟಗೌರಮ್ಮನ ಮೊಮ್ಮಗಳಿಗೆ ಆರು ತಿಂಗಳು ತುಂಬಿತ್ತು. ತೂಕವೇ ಏರದ ಕೂಸು. “ಕೂಸಿಗೆ ಸರಿ ಯಾವತ್ತು ತಿನ್ನುಸ್ತಾರಂತೆ?” ಎಂದಳು.

“ಇವತ್ತೇ. ಪೂಜೆ ಆದ್ಮೇಲೆ.”

ನರಸಯ್ಯ ದನಿ ತಗ್ಗಿಸಿದ. ಹುರಿದು, ಮಿಲ್ಲಿನಲ್ಲಿ ಬೀಸಿಸಿ, ಒಲೆಯ ಮೇಲೆ ಕುದಿಸಿದ ಮೇಲೆ ಎಂಥ ಬೂಷ್ಟು ಉಳಿಯುತ್ತದೆ ಎಂದ. ಈಗ ಹೋಗಿ ಬಾಯಿಬಿಟ್ಟರೆ ಇನ್ನು ಯಾವ ತಾಯಿಯೂ ಈ ಹೊಸ್ತಿಲು ತುಳಿಯುವುದಿಲ್ಲ ಎಂದ. ದ್ಯಾವಮ್ಮ ಡ್ರಮ್ಮಿಗೆ ಕೈ ಹಾಕಿ ಬೂಷ್ಟು ಹಿಡಿದ ರಾಗಿಯನ್ನು ಒಂದು ಹಿಡಿ ಬಾಚಿಕೊಂಡಳು.

“ಇಪ್ಪತ್ತೆಂಟು ವರ್ಸದ ಎಸ್ರು ಕಣೇ,” ಎಂದ ನರಸಯ್ಯ. “ಏನಾರ ಎಚ್ಚುಕಮ್ಮಿ ಆದ್ರೂ ಮಿಲ್ಲಿನೋನ ಮೇಲೆ ಆಕ್ಬುಟ್ಟು, ನಾವು—”

ದ್ಯಾವಮ್ಮ ಆಗಲೇ ಅಂಗಳ ದಾಟಿದ್ದಳು. ಬರಿಗಾಲು, ಬಿಗಿಹಿಡಿದ ಮುಷ್ಟಿ; ಪುಟ್ಟಗೌರಮ್ಮನ ಮನೆಯ ದಾರಿ.